ತಾತ ಎಷ್ಟು ಸಲ ಸಾಯಬೇಕು?

ಮಸ್ಕಿಯ ನಮ್ಮ ಮನೆಯಲ್ಲಿ ತಾತ ತೀರಿಕೊಂಡು ಎಂಟು ವರ್ಷವಾಗಿತ್ತು. ಆದರೂ ಹೋದ ಬೇಸಿಗೆಯ ಒಂದೇ ವಾರದಲ್ಲಿ ಅವನು ಐದು ಸಲ ಸತ್ತ.

ಅಜ್ಜಿಗೆ ಡಿಮೆನ್ಶಿಯಾ. ಹೊತ್ತು ಇಳಿದರೆ ಕಟ್ಟೆಗೆ ಬಂದು ಕೂತು, “ನಿಮ್ ತಾತ ಹೊಲದಿಂದ ಇನ್ನಾ ಬಂದಿಲ್ಲೇನು?” ಎನ್ನುತ್ತಾಳೆ. ನರ್ಸಿಂಗ್ ಓದುವ ಚಿಕ್ಕಪ್ಪನ ಮಗಳು ರಜೆಗೆ ಬಂದಿದ್ದಳು. ರೋಗಿಗೆ ದಿನ, ಸ್ಥಳ, ವಾಸ್ತವ ನೆನಪಿಸಬೇಕೆಂದು ಓದಿದ್ದಳು, ಹಾಗೇ ಮಾಡಿದಳು. “ತಾತ ಸತ್ತು ಎಂಟು ವರ್ಷ ಆತು ಅಜ್ಜಿ. ಇವತ್ತು ಮಂಗಳವಾರ.” ಅಜ್ಜಿಗೆ ಅದು ಹೊಸ ಸುದ್ದಿ. ಎದೆ ಬಡಿದುಕೊಂಡು, ಅವನ ಗುಣ ಹಾಡಿ ಹಾಡಿ ಅತ್ತಳು. ಮರುಸಂಜೆ ಮತ್ತದೇ ಪ್ರಶ್ನೆ, ಅದೇ ಉತ್ತರ, ಅದೇ ಅಳು.

ಆರನೆಯ ದಿನ, ಶಾಲೆಯ ಮುಖ ಕಾಣದ ಪಕ್ಕದ ಮನೆಯ ದೊಡ್ಡಮ್ಮ ಹೇಳಿದಳು: “ನೀರು ಹಾಯಿಸಿ ಬರಬೇಕಲ್ಲವ್ವ, ತಡ ಆಗ್ತದ. ಅವನಿಗೆ ಏನ್ ಅಡಗಿ ಮಾಡೀದಿ?” ಅಜ್ಜಿ ಪುಂಡಿಪಲ್ಯದ ಮಾತಿಗೆ ತಿರುಗಿದಳು. ಅವತ್ತು ಅಳಲಿಲ್ಲ.

“ಇದು ನಿಮ್ಮ ಪುಸ್ತಕದಾಗ ಇಲ್ಲೇನು?” ಎಂದು ತಂಗಿಯನ್ನು ಕೇಳಿದೆ. ಇತ್ತು. ‘ವ್ಯಾಲಿಡೇಶನ್ ಥೆರಪಿ’ ಎಂದಳು, ಇಂಗ್ಲಿಷಿನಲ್ಲಿ ವ್ಯಾಖ್ಯೆಯನ್ನೂ ಒಪ್ಪಿಸಿದಳು. “ಅದನ್ನ ಅಜ್ಜಿ ಮುಂದ ನಮ್ಮ ಮಾತಿನಾಗ ಹೆಂಗ ಆಡ್ತಿ?” ಎಂದೆ. ಸುಮ್ಮನಾದಳು.

ನನ್ನ ಸಿಟ್ಟು ತಂಗಿಯ ಮೇಲಲ್ಲ. ರೋಗಿಯೊಡನೆ ಆಡಬೇಕಾದ ಮಾತನ್ನು ಐದು ಅಂಕದ ಟಿಪ್ಪಣಿಯಾಗಿಸಿ ಕೈತೊಳೆದುಕೊಂಡ ಶಿಕ್ಷಣದ ಮೇಲೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳ್ಳಿಗಳಿಂದ ಬಸ್‌ಪಾಸ್ ಹಿಡಿದು ನರ್ಸಿಂಗ್ ಕಲಿಯಲು ಹೋಗುವ ಮಕ್ಕಳಿಗೆ ಈ ಸೀಮೆಯ ಮಾತು ಹುಟ್ಟಿನಿಂದಲೇ ಬಂದಿದೆ. ನಾವು ಅದನ್ನು ತರಗತಿಯ ಬಾಗಿಲಲ್ಲೇ ಬಿಡಿಸಿ, ಬಾಯಿಪಾಠದ ಇಂಗ್ಲಿಷ್ ತೊಡಿಸುತ್ತೇವೆ.

ಮರೆವನ್ನು ಅಳೆಯುವ ಬಗೆಯನ್ನೇ ನೋಡಿ. 1975ರಲ್ಲಿ ಅಮೆರಿಕದಲ್ಲಿ ಬಂದ ಎಂಎಂಎಸ್ಇ ಪರೀಕ್ಷೆ ನೂರರಿಂದ ಏಳೇಳು ಕಳೆಯಲು, ಒಂದು ವಾಕ್ಯ ಬರೆಯಲು ಹೇಳುತ್ತದೆ. ಅಕ್ಷರ ಬಾರದ ನನ್ನ ಅಜ್ಜಿ ನೆಟ್ಟಗಿದ್ದಾಗಲೂ ಇದರಲ್ಲಿ ಫೇಲಾಗುತ್ತಿದ್ದಳು. ಹರಿಯಾಣದ ಬಲ್ಲಬ್‌ಗಢದಲ್ಲಿ 1990ರ ದಶಕದಲ್ಲಿ ಸಂಶೋಧಕರು ಓದುಬರಹ ಬಾರದ ಹಳ್ಳಿಗರಿಗಾಗಿ ಅದನ್ನು ಹಿಂದಿಯಲ್ಲಿ ಮಾರ್ಪಡಿಸಿದರು. ತಾರೀಖಿನ ಬದಲು ಯಾವ ಅಮಾವಾಸ್ಯೆ ಕಳೆಯಿತು, ಹತ್ತಿ ಬಿಡಿಸುವುದು ಯಾವಾಗ ಎಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಲು ಏನು ಅಡ್ಡಿ?

ದುಃಖದ ಪಾಠವೂ ಹೀಗೇ. ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದ ಐದು ಹಂತಗಳು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ ಕಂಡುಕೊಂಡವು. ಅವನ್ನು ಸತ್ತವರ ಮನೆಯವರಿಗೂ ಅಂಟಿಸಿ ಉರು ಹೊಡೆಸುತ್ತೇವೆ. ಹಾಡಿ ಅಳುವ ನಮ್ಮ ಹೆಂಗಸರ ಪಕ್ಕ ಹೇಗೆ ಕೂರಬೇಕೆಂದು ಮಾತ್ರ ಕಲಿಸುವುದಿಲ್ಲ. ವಾರ್ಡಿನಲ್ಲಿ ಮೊದಲ ಸಾವು ಕಂಡ ಹತ್ತೊಂಬತ್ತರ ಹುಡುಗಿಯನ್ನು “ಹೆಂಗದೀಯವ್ವಾ?” ಎಂದು ಯಾರು ಕೇಳುತ್ತಾರೆ?

ಇಂಗ್ಲಿಷ್ ಇಲ್ಲದಿದ್ದರೆ ಬೆಂಗಳೂರಿನಲ್ಲಾಗಲಿ ಗಲ್ಫಿನಲ್ಲಾಗಲಿ ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಒಪ್ಪಿದೆ, ಇಂಗ್ಲಿಷ್ ಇರಲಿ. ಊರಿನ ತಿಳಿವೊಂದೇ ಸಾಕೆಂದೂ ನಾನು ಹೇಳುತ್ತಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಅಜ್ಜಿಯನ್ನು ಎರಡು ವರ್ಷ ಡಾಕ್ಟರಿಗೆ ತೋರಿಸದವರು ನಾವೇ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ ಎಂದು ಮನೆಯಲ್ಲಿ ಮೊದಲು ಹೇಳಿದವಳು ಅದೇ ತಂಗಿ. ಆ ತಿಳಿವೂ ಬೇಕು, ದೊಡ್ಡಮ್ಮನ ಮಾತೂ ಬೇಕು. ಎರಡೂ ಒಬ್ಬಳೇ ನರ್ಸಿನಲ್ಲಿ ಕೂಡುವುದು ತರಗತಿಯಲ್ಲಿ.

ಇದು ಆಗದ ಮಾತೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋರೋಗದ ಆರೈಕೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ, ರೋಗಿಗೆ ಮಾಹಿತಿಯನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆನ್ನುತ್ತದೆ.

ನಾನು ಕೇಳುವುದು ಇಷ್ಟೇ. ಮನೋರೋಗ ಶುಶ್ರೂಷೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಭಾಗ ರೋಗಿಯ ಮಾತಿನಲ್ಲಿ ನಡೆಯಲಿ. ಮರೆವಿನವರಿರುವ ಮನೆಗೆ, ಮನೆಯವರ ಒಪ್ಪಿಗೆ ಪಡೆದು, ವಿದ್ಯಾರ್ಥಿಗಳನ್ನು ಕಳಿಸಿ. ನೋಡಿಕೊಳ್ಳುವ ಸೊಸೆ, ಮಗಳನ್ನು ತರಗತಿಗೆ ಕರೆದು ಪಾಠ ಹೇಳಿಸಿ. ಆಮೇಲೆ ಪ್ರಶ್ನೆಪತ್ರಿಕೆಯಲ್ಲಿ ಹೀಗೆ ಕೇಳಿ: “ನಿಮ್ ತಾತ ಇನ್ನಾ ಬಂದಿಲ್ಲೇನು?” ಎನ್ನುವ ಅಜ್ಜಿಗೆ ನೀವೇನು ಹೇಳುತ್ತೀರಿ? ಅದಕ್ಕೆ ಐದಲ್ಲ, ಹತ್ತು ಅಂಕ ಕೊಡಿ.