ಮುಟ್ಟು ತಪ್ಪಿದಾಗ ಮನೆಯವರ ಕರ್ತವ್ಯವು

ಮಗಳ ಮುಟ್ಟು ಒಂದೆರಡು ತಿಂಗಳು ತಪ್ಪಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಸಂಶಯವು ಮೊದಲು ಹುಟ್ಟುತ್ತದೆ; ಕಾರಣವನ್ನು ವಿಚಾರಿಸುವ ಬುದ್ಧಿಯು ತಡವಾಗಿ ಬರುತ್ತದೆ. ಇನ್ನು ಕೆಲವರು, ಮದುವೆಯಾದರೆ ಎಲ್ಲವೂ ಸರಿಹೋಗುವುದೆಂದು ಸುಮ್ಮನಾಗುತ್ತಾರೆ. ಈ ಎರಡು ನಡತೆಗಳೂ ಹುಡುಗಿಯ ಬಾಯನ್ನು ಮುಚ್ಚಿಸುತ್ತವೆ. ಆ ಮೇಲೆ ರೋಗವು ತಿಳಿಯುವ ಬಗೆ ಹೇಗೆ?

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯವು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಅಂಡಾಶಯಕ್ಕೂ ಹೊಂದಿಕೆಯುಂಟಾಗಲು ಅಷ್ಟು ಕಾಲವು ಬೇಕು. ದೊಡ್ಡವರಲ್ಲಿ ಗರ್ಭಧಾರಣೆ, ಮಗುವಿಗೆ ಹಾಲೂಡಿಸುವುದು, ಋತು ನಿಲ್ಲುವ ವಯಸ್ಸು ಸಮೀಪಿಸುವುದು, ಇವು ಸ್ವಾಭಾವಿಕ ಕಾರಣಗಳು. ವೈದ್ಯರು ಮೊದಲು ಗರ್ಭಪರೀಕ್ಷೆಯನ್ನು ಮಾಡಿಸುವುದು ಅವರ ಕ್ರಮವು. ಅದನ್ನು ನಿಂದೆಯೆಂದು ತಿಳಿಯಲಾಗದು.

ಯಲಹಂಕ, ಹೆಬ್ಬಾಳ, ಯಶವಂತಪುರಗಳಿಂದ ಬೆಳಗಿನ ಬಸ್ಸಿಗೆ ಓಡಿ, ತಿಂಡಿಯನ್ನು ಬಿಟ್ಟು, ಸಂಜೆ ಮನೆಪಾಠಕ್ಕೆ ಹೋಗಿ, ನಡುರಾತ್ರಿಯವರೆಗೆ ಓದುವ ಹುಡುಗಿಯರನ್ನು ನಾವು ಕಾಣುತ್ತಲೇ ಇದ್ದೇವೆ. ತೆಳ್ಳಗಾಗಬೇಕೆಂದು ಊಟ ಬಿಡುವವರೂ ಉಂಟು. ಬಹುದಿನ ಆಹಾರವು ಸಾಲದೆ, ಚಿಂತೆಯು ಹೆಚ್ಚಿದಲ್ಲಿ, ಮಿದುಳು ಅಂಡಾಶಯಕ್ಕೆ ಕಳುಹಿಸುವ ಆಜ್ಞೆಯನ್ನೇ ತಡೆಹಿಡಿಯುತ್ತದೆ, ಮುಟ್ಟು ನಿಲ್ಲುತ್ತದೆ. ಅಂಥವಳಿಗೆ ಹೊಟ್ಟೆತುಂಬ ಊಟವೂ ನಿದ್ರೆಯೂ ಚಿಕಿತ್ಸೆಯ ಮೊದಲ ಭಾಗವು.

1935ರಲ್ಲಿ ಅಮೆರಿಕದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವಿವರಿಸಿದ ಅಂಡಾಶಯದ ವಿಕಾರವು ಈಗ ಪಿ.ಸಿ.ಓ.ಎಸ್. ಎಂದು ಮನೆಮಾತಾಗಿದೆ. ಮುಖದ ಮೇಲೆ ಕೂದಲು, ಮೊಡವೆ, ಏರುವ ತೂಕ, ಇವು ಹಲವರಲ್ಲಿ ಕಾಣುವ ಗುರುತುಗಳು. ಋತುವಯಸ್ಸಿನ ನೂರು ಸ್ತ್ರೀಯರಲ್ಲಿ ಸುಮಾರು 10 ಮಂದಿಗೆ ಇದು ಉಂಟೆಂದೂ, ಅವರಲ್ಲಿ ಹೆಚ್ಚಿನವರಿಗೆ ಅದರ ಅರಿವೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. ಥೈರಾಯ್ಡ್ ಗ್ರಂಥಿಯ ದೋಷ, ಕೆಲವು ಔಷಧಿಗಳು, ನಮ್ಮ ದೇಶದಲ್ಲಿ ಗರ್ಭಕೋಶಕ್ಕೆ ತಗಲುವ ಕ್ಷಯ, ಇವುಗಳಿಂದಲೂ ಮುಟ್ಟು ನಿಲ್ಲಬಹುದು. ಇವಾವುವೂ ಮದುವೆಯಿಂದ ಗುಣವಾಗತಕ್ಕವಲ್ಲ.

ಆದುದರಿಂದ 15 ವರ್ಷ ತುಂಬಿದರೂ ಮೈನೆರೆಯದಿದ್ದರೆ, ಇಲ್ಲವೆ ಬರುತ್ತಿದ್ದ ಮುಟ್ಟು 3 ತಿಂಗಳು ನಿಂತರೆ, ವೈದ್ಯರಿಗೆ ತೋರಿಸುವುದು ಅವಶ್ಯಕವು. ಯಲಹಂಕದಲ್ಲಿ ಸರ್ಕಾರಿ ಆಸ್ಪತ್ರೆಯುಂಟು. ಹೆಬ್ಬಾಳದಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಯುಂಟು. ದೂರವೆಂಬ ನೆಪಕ್ಕೆ ಎಡೆಯಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ತಾಯಂದಿರು. ಮಗಳು ಮುಟ್ಟಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಡುವ ಅಭ್ಯಾಸವನ್ನು ಅವಳಿಗೆ ಕಲಿಸಿರಿ. ತಪ್ಪಿದಾಗ, “ಏನಮ್ಮ, ಸರಿಯಾಗಿ ಊಟ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಿದೆಯೇ?” ಎಂದು ಪ್ರೀತಿಯಿಂದ ಕೇಳಿರಿ. ತಂದೆಯರೂ ಇದನ್ನು ಹೆಂಗಸರ ಮಾತೆಂದು ತಳ್ಳದೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕೆಂದು ವಿನಂತಿಸುತ್ತೇವೆ.