ಅಪ್ಪನ ಪ್ರಶ್ನೆಯೇ ನನ್ನ ಸಂಶೋಧನೆ

ನಮ್ಮದು ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿ. ರಾಗಿ ಹೊಲ, ಒಂದಿಷ್ಟು ತೆಂಗು, ಬತ್ತಿದ ಎರಡು ಕೊಳವೆಬಾವಿ, ಇಷ್ಟೇ ಆಸ್ತಿ. ನಾನು ಪಿಯುಸಿಯಲ್ಲಿದ್ದಾಗ ಒಂದು ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆದರೆ ತಾಲ್ಲೂಕಿನಲ್ಲಿ ‘ವಾಡಿಕೆ ಮಳೆ’ ಆಗಿದೆ ಎಂದು ಸುದ್ದಿ ಬಂತು. ಅಪ್ಪ ಪೇಪರ್ ಮುಂದಿಟ್ಟು ಕೇಳಿದರು: ‘ಮಳೆ ಸರಿಯಾಗೇ ಆಯ್ತಂತೆ. ಹಂಗಾದ್ರೆ ನಮ್ ರಾಗಿ ಯಾಕೆ ಒಣಗ್ತು?’

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಓದಬಹುದು, ಅದಕ್ಕೊಂದು ಪದವಿಯೂ ಇದೆ ಎಂಬುದು ನನಗೆ ತಿಳಿದದ್ದು ಬಿ.ಎಸ್‌ಸಿ ಮುಗಿದ ಮೇಲೆ. ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ ಮಾಡಿ, ಈಗ ಹವಾಮಾನ ವಿಜ್ಞಾನದಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ‘ಟಿ.ವಿಯಲ್ಲಿ ಹವಾಮಾನ ವರದಿ ಓದ್ತೀಯಾ?’ ಎಂದು ನಕ್ಕವರಿದ್ದಾರೆ. ನಗುವುದು ಅವರ ತಪ್ಪಲ್ಲ. ಈ ಓದಿನ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಹೇಳುವವರೇ ಇಲ್ಲ.

ಗಾಳಿ, ಕಡಲು, ಮಣ್ಣು, ಕಾಡು, ಹಿಮ ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆ ಎಂದು ಲೆಕ್ಕ ಹಾಕುವುದೇ ಈ ವಿಜ್ಞಾನ. ಬೇಕಿರುವುದು ಗಣಿತ, ಭೌತವಿಜ್ಞಾನ ಮತ್ತು ಕಂಪ್ಯೂಟರ್ ಪ್ರೋಗ್ರಾಮಿಂಗ್. ಜೊತೆಗೆ ಇನ್ನೊಂದು ಬೇಕು ಎನ್ನುವುದು ನನ್ನ ವಾದ: ಮಳೆಗೆ ಕಾದು ಗೊತ್ತಿರುವವರು.

ಏಕೆಂದರೆ, ಜಗತ್ತಿನ ಹವಾಮಾನ ಮಾದರಿಗಳಲ್ಲಿ ಹಲವು ಭೂಮಿಯನ್ನು ಸುಮಾರು 100 ಕಿ.ಮೀ. ಅಗಲದ ಚೌಕಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತವೆ. ಅಂಥ ಒಂದೇ ಚೌಕದೊಳಗೆ ಅರಸೀಕೆರೆ, ಹಳೇಬೀಡು, ಬೇಲೂರು, ಸಕಲೇಶಪುರ ಎಲ್ಲವೂ ಸೇರಿಬಿಡಬಹುದು. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿ ಸುರಿಯುತ್ತದೆ. ಘಟ್ಟದ ಮಳೆ ನೆರಳಿನಲ್ಲಿರುವ ನಮಗೆ ದಕ್ಕುವುದು ಸುಮಾರು 700 ಮಿ.ಮೀ. ಇವೆರಡರ ಸರಾಸರಿ ತೆಗೆದರೆ ಸಿಗುವ ಮಳೆ ಅಲ್ಲೂ ಬಿದ್ದಿರುವುದಿಲ್ಲ, ಇಲ್ಲೂ ಬಿದ್ದಿರುವುದಿಲ್ಲ.

ಅಪ್ಪನ ಪ್ರಶ್ನೆಗೂ ಉತ್ತರ ಸರಾಸರಿಯಲ್ಲೇ ಅಡಗಿತ್ತು. ನಾಲ್ಕು ದಿನ ಹೊಡೆದ ಮಳೆ ತಿಂಗಳ ಲೆಕ್ಕವನ್ನು ತುಂಬಿಸಿಬಿಡುತ್ತದೆ. ಉಳಿದ ದಿನ ಒಣಗಿದ್ದು ಆ ಅಂಕಿಯಲ್ಲಿ ಕಾಣುವುದಿಲ್ಲ. ಎಷ್ಟು ಬಿತ್ತು ಎನ್ನುವುದಕ್ಕಿಂತ ಎಷ್ಟು ದಿನ ಬಿಡುವು ಕೊಟ್ಟಿತು, ಬೆಳೆ ಆಗ ಯಾವ ಹಂತದಲ್ಲಿತ್ತು ಎನ್ನುವುದೇ ರಾಗಿಗೆ ಮುಖ್ಯ.

ಹೀಗೆ ಹೊಲದಿಂದ ಪ್ರಶ್ನೆ ಎತ್ತಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸುಲೋಚನಾ ಗಾಡ್ಗೀಳ್ ಅವರು ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಬೆಳೆಗಾರರ ಕಷ್ಟವನ್ನು ಸಂಶೋಧನೆಯ ವಿಷಯವಾಗಿಸಿಕೊಂಡರು. ಹಳೆಯ ಮಳೆ ದಾಖಲೆಗಳನ್ನು ಬೆಳೆ ಮಾದರಿಯ ಜೊತೆ ಇಟ್ಟು, ಬಿತ್ತನೆಗೆ ಯಾವ ಸಮಯ ಒಳ್ಳೆಯದು ಎಂದು ನೋಡಿದರು.

ಇಂದು ನಮಗೆ ಅವರಿಗಿಂತ ಹೆಚ್ಚು ಮಾಹಿತಿ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಬರ ಘೋಷಣೆ, ಹವಾಮಾನ ಆಧಾರಿತ ಬೆಳೆ ವಿಮೆ ಎಲ್ಲದಕ್ಕೂ ಈಗ ಇಂಥ ಅಂಕಿಗಳೇ ಆಧಾರ. ಆ ಅಂಕಿಗಳನ್ನು ಓದಿ ‘ಇದು ಹೀಗಲ್ಲ’ ಎನ್ನಬಲ್ಲವರು ನಮ್ಮ ಹೋಬಳಿಗಳಲ್ಲಿ ಎಷ್ಟು ಜನ ಇದ್ದಾರೆ?

ದಾರಿ ಇದೆ ಗೆಳೆಯರೇ. ಸಿಎಸ್‌ಐಆರ್ ನೆಟ್‌ನಲ್ಲಿ ಭೂಮಿ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನಕ್ಕೆ ಪ್ರತ್ಯೇಕ ವಿಷಯವಿದೆ. ಗೇಟ್‌ನ ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ವಿಭಾಗವಿದೆ. ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಕೇಂದ್ರವಿದೆ. ಪುಣೆಯಲ್ಲಿ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಹವಾಮಾನ ವಿಭಾಗ ಇವೆ. ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಆದ ಮೇಲೆ 42,000.

ಕಷ್ಟವನ್ನೂ ಮುಚ್ಚಿಡಬಾರದು. ಐದಾರು ವರ್ಷ ಬೇಕು. ಫೆಲೋಶಿಪ್ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಜೊತೆಯವರು ಎಫ್‌ಡಿಎ, ಪಿಡಿಒ ಆಗಿ ಮನೆ ಕಟ್ಟಿಸುವಾಗ ನಾವಿನ್ನೂ ‘ಓದ್ತಾನೇ ಇದ್ದಾನೆ’ ಎನಿಸಿಕೊಳ್ಳಬೇಕು. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಸಾಲ ತೀರಿಸಲು ತುರ್ತು ಕೆಲಸ ಬೇಕಾದವರಿಗೆ ಇದನ್ನೇ ಹಿಡಿಯಿರಿ ಎಂದು ನಾನು ಹೇಳಲಾರೆ.

ಆದರೆ ಗೊತ್ತಿದ್ದು ಬಿಡುವುದು ಬೇರೆ, ಗೊತ್ತೇ ಇಲ್ಲದೆ ತಪ್ಪಿಹೋಗುವುದು ಬೇರೆ. ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ಓದಿನ ಬಗ್ಗೆ ಮಾತಾಗಲಿ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ತಮ್ಮ ಹೋಬಳಿಯ ಮಳೆ ದಾಖಲೆಯನ್ನೇ ಕೊಡಲಿ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ಒಂದು ಕಂಪ್ಯೂಟರ್ ಸಾಕು.

ಕಳೆದ ಸಲ ಊರಿಗೆ ಹೋದಾಗ ಮಳೆಯ ಬಿಡುವಿನ ಲೆಕ್ಕವನ್ನು ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಇದು ನಮಗೂ ಗೊತ್ತಿತ್ತು ಕಣಪ್ಪ. ಮುಂದಿನ ವರ್ಷ ಯಾವಾಗ ಬಿತ್ತಲಿ ಹೇಳು’ ಅಂದರು. ನನ್ನ ಮುಂದಿನ ಕೆಲಸ ಅದೇ. ಅದನ್ನು ನಾನೊಬ್ಬನೇ ಮಾಡಿ ಮುಗಿಸಲಾರೆ.