ಅಳತೆ ತಪ್ಪಿದ ಅಗ್ಗ

ಬಳಸಿದ ರೋಡ್ ಬೈಕ್ ಫ್ರೇಮ್ ಮಾರುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ‘ಯಾವ ಪಾರ್ಟಾದರೂ ಹೊಂದುತ್ತದೆ, ಧೈರ್ಯವಾಗಿ ಒಯ್ಯಿರಿ.’ ಈ ಮಾತಿಗೆ ಮರುಳಾಗುವವರೆಗೆ ನಮಗೆ ಅಗ್ಗದ ಫ್ರೇಮು ದುಬಾರಿಯಾಗಿಯೇ ಪರಿಣಮಿಸುತ್ತದೆ. ಬಣ್ಣ, ಬ್ರಾಂಡು, ತೂಕ ಕೇಳಿ ಹಣ ಎಣಿಸುವ ನಾವೂ, ಅಳತೆ ಹಿಡಿಯದೆ ಮಾರುವವರೂ, ಅಳತೆಗಳನ್ನೇ ಪದೇ ಪದೇ ಬದಲಿಸಿದ ಸೈಕಲ್ ಉದ್ಯಮವೂ ಈ ನಷ್ಟದಲ್ಲಿ ಪಾಲುದಾರರು.

ನಮ್ಮ ಬಳಗದ ಗೆಳೆಯರೊಬ್ಬರು ಪುಣೆಯಲ್ಲಿ ಹಳೆಯ ಇಟಾಲಿಯನ್ ಉಕ್ಕಿನ ಫ್ರೇಮೊಂದನ್ನು ಕೊಂಡರು. ಬಿಡಿಭಾಗಗಳೆಲ್ಲ ಮನೆಯಲ್ಲೇ ಇದ್ದವು. ಆದರೆ ಹಿಂಚಕ್ರದ ಹಬ್ 130 ಮಿ.ಮೀ., ಫ್ರೇಮಿನಲ್ಲಿ ಅದಕ್ಕಿದ್ದ ತೆರಪು 126. ಸೀಟ್ ಪೋಸ್ಟ್ 27.2 ಮಿ.ಮೀ., ಕೊಳವೆ ಕೇಳಿದ್ದು 27. ಆ ಕೂದಲೆಳೆಯಷ್ಟು ಅಂತರಕ್ಕೇ ಪೋಸ್ಟ್ ಒಳಗಿಳಿಯಲಿಲ್ಲ. ಪೆಡಲಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ ಇಂಗ್ಲಿಷ್ ಅಳತೆಯದು: ವ್ಯಾಸ 1.37 ಇಂಚು, ಅಂದರೆ ಸುಮಾರು 34.8 ಮಿ.ಮೀ. ಇಟಾಲಿಯನ್ ಅಳತೆ 36. ತಿರುಪು ಕಚ್ಚುವ ಮಾತೇ ಇಲ್ಲ. ಉಕ್ಕಾದ್ದರಿಂದ ಹಿಂಬದಿಯ ತೆರಪನ್ನು ಬಲ್ಲ ಮೆಕ್ಯಾನಿಕ್ ಒಬ್ಬರು ಜೋಪಾನವಾಗಿ ಅಗಲಿಸಿಕೊಟ್ಟರು. ಅಲ್ಯೂಮಿನಿಯಂ ಅಥವಾ ಕಾರ್ಬನ್ ಆಗಿದ್ದರೆ ಆ ದಾರಿಯೂ ಮುಚ್ಚಿರುತ್ತಿತ್ತು.

ಆ ಇಂಗ್ಲಿಷ್ ಅಳತೆಗೆ ಇಂದಿಗೂ ಬಿಎಸ್‌ಎ ಎಂದೇ ಹೆಸರು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಆ ಹೆಸರು ನಮಗೆ ಹೊಸದೇನಲ್ಲ. 1949ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಅದನ್ನು ನಮ್ಮ ಮನೆಯಂಗಳಕ್ಕೇ ತಂದಿತು. ಕಂಪನಿಯೊಂದರ ಅಳತೆ ಎಲ್ಲರ ಅಳತೆಯಾದಾಗ ಅದು ಊರ ಬಾವಿಯಂತಾಗುತ್ತದೆ. ಯಾರ ಹಗ್ಗವಾದರೂ ನಡೆಯುತ್ತದೆ. ತಯಾರಿಸಿದವನು ಅಂಗಡಿ ಮುಚ್ಚಿದರೂ ಸವೆದ ಬೇರಿಂಗಿಗೆ ಬದಲಿ ಸಿಗುತ್ತದೆ.

2000ದಲ್ಲಿ ಬಂದ ಬಿಬಿ30 ಈ ತಿರುಪನ್ನೇ ಬಿಟ್ಟು, 42 ಮಿ.ಮೀ. ಒಳವ್ಯಾಸದ ರಂಧ್ರಕ್ಕೆ ಬೇರಿಂಗನ್ನು ಒತ್ತಿ ಕೂರಿಸಿತು. ಬಳಿಕ 46 ಮಿ.ಮೀ.ನ ಪಿಎಫ್30, 41 ಮಿ.ಮೀ.ನ ಬಿಬಿ86 ಬಂದವು. ಒಂದೇ ಕಾರ್ಯಕ್ಕೆ ಹತ್ತು ಅಳತೆ! ಹಗುರ, ಬಿಗಿ ಎಂಬ ಸಮರ್ಥನೆ ಇದಕ್ಕುಂಟು, ಅದರಲ್ಲಿ ಹುರುಳೂ ಉಂಟು: ದಪ್ಪ ಅಚ್ಚು ಬಾಗುವುದು ಕಡಿಮೆ. ಆದರೆ ಒತ್ತಿ ಕೂರಿಸುವ ಬೇರಿಂಗಿಗೆ ರಂಧ್ರದ ನಿಖರತೆ ಕೂದಲೆಳೆಯಷ್ಟೂ ತಪ್ಪಬಾರದು. ತಪ್ಪಿದರೆ ಪ್ರತಿ ತುಳಿತಕ್ಕೂ ಕಿರಗುಟ್ಟುವ ಶಬ್ದ. ಕೊನೆಗೆ 2015ರ ಸುಮಾರಿಗೆ ಟಿ47 ಎಂಬ ಹೆಸರಿನಲ್ಲಿ 47 ಮಿ.ಮೀ.ನ ತಿರುಪು ಬಂತು. ಅಚ್ಚು ದಪ್ಪವಿದ್ದೂ ತಿರುಪು ಉಳಿಯಬಹುದಿತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಡುವಿನ ಪ್ರಯೋಗಗಳ ಬೆಲೆಯನ್ನು ತೆತ್ತವರು ಮಾತ್ರ ಕೊಂಡವರು.

ಹಾಗಾದರೆ ಬಳಸಿದ ಫ್ರೇಮು ಕೊಳ್ಳಲೇಬಾರದೇ? ಕೊಳ್ಳಲೇಬೇಕು ಎಂಬುದು ನಮ್ಮ ವಾದ. ಗಟ್ಟಿಮುಟ್ಟಾದ ಫ್ರೇಮೊಂದು ಗುಜರಿ ಸೇರುವುದು ಅಪಚಾರ. ಆದರೆ ಮುಂಗಡ ಕೊಡುವ ಮುನ್ನ ವರ್ನಿಯರ್ ಕ್ಯಾಲಿಪರ್ ಕೈಗೆ ಬರಲಿ. ಹಿಂಬದಿಯ ತೆರಪು 120, 126, 130ರಲ್ಲಿ ಯಾವುದು? ಬಾಟಮ್ ಬ್ರಾಕೆಟ್ ಕೂರುವ ಕೊಳವೆಯ ಅಗಲ ಇಂಗ್ಲಿಷಿನ 68 ಮಿ.ಮೀ.ಯೋ, ಇಟಾಲಿಯನ್ನಿನ 70ಯೋ? ಹಳೆಯ ಫ್ರೇಮು 27 ಇಂಚಿನ ಚಕ್ರದ್ದಾದರೆ, ಅದಕ್ಕೆ 700ಸಿ ಚಕ್ರ ಹಾಕಿದಾಗ ರಿಮ್ಮು 4 ಮಿ.ಮೀ. ಕೆಳಗಿಳಿಯುತ್ತದೆ, ಬ್ರೇಕಿನ ತೋಳು ಅಲ್ಲಿಗೆ ಮುಟ್ಟುತ್ತದೆಯೇ? ಸೀಟ್ ಪೋಸ್ಟ್ ಅಲುಗಾಡುತ್ತದೆಯೇ, ಹೊರಬರಲಾರದಂತೆ ತುಕ್ಕು ಹಿಡಿದಿದೆಯೇ? ಉತ್ತರ ಕೊಡಲು ಬೇಸರಿಸುವ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಟುಬಿಡೋಣ.

ಪರಊರಿನಲ್ಲಿ ನೆಲೆಸಿದ ನಮಗೆ ಬಾಡಿಗೆ ಮನೆಯ ಬಾಗಿಲು, ಕಿಟಕಿ, ನಲ್ಲಿ ಪರೀಕ್ಷಿಸುವ ಅಭ್ಯಾಸ ಚೆನ್ನಾಗಿದೆ. ಎರಡು ಚಕ್ರಗಳ ಮೇಲೆ ನಮ್ಮ ಜೀವವನ್ನೇ ಹೊರುವ ಕೊಳವೆಗಳಿಗೆ ಅಷ್ಟೂ ಗಮನ ಕೊಡದಿದ್ದರೆ ದೂರುವುದಾದರೂ ಯಾರನ್ನು? ಎಲ್ಲರಿಗೂ ಸಲ್ಲುವ ಅಳತೆಯ ಫ್ರೇಮನ್ನು ಕೇಳಿ ಕೊಳ್ಳುವವರು ಹೆಚ್ಚಿದಷ್ಟೂ ಅದನ್ನು ತಯಾರಿಸುವವರು ಉಳಿಯುತ್ತಾರೆ, ರಿಪೇರಿ ಬಲ್ಲ ಕೈಗಳೂ ಉಳಿಯುತ್ತವೆ.